ಬಿಳಿ ಸೆರಗು, ನಾತ ಮತ್ತು ಏಳು ದಿನದ ಗುಳಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಒಂದು ಲ್ಯಾಬ್‌ನಲ್ಲಿ ಸ್ಲೈಡ್ ನೋಡುವುದು ನನ್ನ ಕೆಲಸ. ನಾನು ಡಾಕ್ಟರ್ ಅಲ್ಲ. ಆದರೆ ರಿಪೋರ್ಟ್ ತೆಗೆದುಕೊಳ್ಳಲು ಬರುವ ಹೆಂಗಸರು, ಡಾಕ್ಟರ್ ಮುಂದೆ ಬಾಯಿಗೆ ಬಾರದ ಮಾತನ್ನು ನಮ್ಮ ಕಿಟಕಿ ಹತ್ತಿರ ನಿಂತು ಕೇಳುತ್ತಾರೆ. "ಅಕ್ಕ, ಗುಳಿಗಿ ಪೂರಾ ತಗೊಂಡೀನಿ. ಮತ್ತ ಯಾಕ ಬಂತು?" ಈ ಪ್ರಶ್ನೆಯನ್ನು ನಾನು ಕೇಳಿಸಿಕೊಂಡಷ್ಟು ಬೇರೆ ಯಾವುದನ್ನೂ ಕೇಳಿಸಿಕೊಂಡಿಲ್ಲ. ಕೇಳುವಾಗ ಅವರ ದನಿ ಸಣ್ಣದಾಗುತ್ತದೆ, ತಪ್ಪು ತಮ್ಮದೇ ಎನ್ನುವ ಹಾಗೆ. ತಪ್ಪು ಅವರದಲ್ಲ. ಅದನ್ನು ಕಿಟಕಿಯಲ್ಲಿ ಎರಡು ನಿಮಿಷದಲ್ಲಿ ಬಿಡಿಸಿ ಹೇಳಲು ಆಗುವುದಿಲ್ಲ, ಅದಕ್ಕೇ ಬ್ಯಾಕ್ಟೀರಿಯಲ್ ವೆಜೈನೋಸಿಸ್ ಎಂಬ ಈ ಯೋನಿಯ ತೊಂದರೆಯ ಬಗ್ಗೆ ಇಲ್ಲಿ ಬರೆದಿದ್ದೇನೆ. ಔಷಧಿ ಮಾತ್ರ ನಿಮ್ಮನ್ನು ನೋಡಿದ ಡಾಕ್ಟರ್ ಹೇಳಿದ್ದನ್ನೇ ತೆಗೆದುಕೊಳ್ಳಿ.

ರಿಪೋರ್ಟ್‌ನಲ್ಲಿ "ಬ್ಯಾಕ್ಟೀರಿಯಲ್ ವೆಜೈನೋಸಿಸ್" ಎಂದು ಬರೆದಿದೆ. ಏನದು?

ಚಿಕ್ಕದಾಗಿ ಬಿವಿ ಎನ್ನುತ್ತಾರೆ. ಯೋನಿಯೊಳಗೆ ಯಾವಾಗಲೂ ಬ್ಯಾಕ್ಟೀರಿಯಾ ಇರುತ್ತವೆ, ಇರಬೇಕು ಕೂಡ. ಆರೋಗ್ಯವಾಗಿದ್ದಾಗ ಸಾಮಾನ್ಯವಾಗಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಗುಂಪಿನವು ಜಾಸ್ತಿ ಇರುತ್ತವೆ. ಜರ್ಮನಿಯ ಡಾಕ್ಟರ್ ಆಲ್ಬರ್ಟ್ ಡೋಡರ್ಲೈನ್ 1892ರಷ್ಟು ಹಿಂದೆಯೇ ಇವುಗಳ ಬಗ್ಗೆ ಬರೆದಿದ್ದರು. ಯೋನಿಯ ಗೋಡೆಯಲ್ಲಿ ಗ್ಲೈಕೋಜನ್ ಎಂಬ ಸಕ್ಕರೆ ಕೂಡಿಟ್ಟಿರುತ್ತದೆ. ಅದು ಒಡೆದು ಸಣ್ಣ ಸಕ್ಕರೆಯಾದಾಗ ಇವು ಅದನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಆ ಹುಳಿಯಿಂದಾಗಿ ಅಲ್ಲಿನ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಈ ಅಂಕಿ ಕಡಿಮೆ) 3.8ರಿಂದ 4.5ರ ನಡುವೆ ಇರುತ್ತದೆ. ಆ ಹುಳಿಯಲ್ಲಿ ಬೇರೆ ಕ್ರಿಮಿಗಳು ತಲೆ ಎತ್ತುವುದು ಕಷ್ಟ.

ಬಿವಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕಡಿಮೆಯಾಗುತ್ತವೆ. ಗಾರ್ಡ್ನರೆಲ್ಲಾ, ಪ್ರಿವೊಟೆಲ್ಲಾ, ಮೊಬಿಲುಂಕಸ್ ಮುಂತಾದವು ಹೆಚ್ಚಾಗುತ್ತವೆ. ಹುಳಿ ಇಳಿಯುತ್ತದೆ. ಹೊರಗಿನಿಂದ ಒಂದೇ ಒಂದು ಕ್ರಿಮಿ ಬಂದು ಹತ್ತಿದ ಸೋಂಕಲ್ಲ ಇದು. ಒಳಗಿನ ಸಮತೋಲ ತಪ್ಪಿದ ಸ್ಥಿತಿ. ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಯೋನಿಗೆ ಸಂಬಂಧಿಸಿದ ತೊಂದರೆಗಳ ಪೈಕಿ ಇದೇ ಎಲ್ಲಕ್ಕಿಂತ ಸಾಮಾನ್ಯ.

ಬಿಳಿ ಸೆರಗು ಹೋದರೆಲ್ಲ ಬಿವಿ ಎಂದರ್ಥವೇ?

ಅಲ್ಲ. ತಿಂಗಳ ಮಧ್ಯದಲ್ಲಿ, ಬಸುರಿದ್ದಾಗ, ಮುಟ್ಟಿನ ಮುಂಚೆ ನೀರು ನೀರಾಗಿಯೋ ಲೋಳೆಯಾಗಿಯೋ ಬಿಳಿ ಹೋಗುವುದು ಸಹಜ. ಅದರಿಂದ "ಎಲುಬು ಕರಗುತ್ತದೆ", "ಶಕ್ತಿ ಎಲ್ಲ ಸೋರಿ ಹೋಗುತ್ತದೆ" ಎನ್ನುವುದು ನಮ್ಮ ಕಡೆ ಮನೆಮನೆಯಲ್ಲಿ ಕೇಳುವ ಮಾತು. ಎಲುಬಿಗೂ ಸೆರಗಿಗೂ ಸಂಬಂಧವಿಲ್ಲ. ಸುಸ್ತು ಇದ್ದರೆ ಹಿಮೋಗ್ಲೋಬಿನ್ ನೋಡಿಸಿ. ಬಹಳ ಸಲ ಕಾರಣ ಅಲ್ಲಿರುತ್ತದೆ.

ಬಿವಿಯಲ್ಲಿ ಸೆರಗು ತೆಳ್ಳಗೆ, ಬೂದು ಬಿಳಿಯಾಗಿ, ಒಂದೇ ಸಮ ಇರುತ್ತದೆ. ಜೊತೆಗೆ ನಾತ. ತುರಿಕೆ ಸಾಮಾನ್ಯವಾಗಿ ಇರುವುದಿಲ್ಲ. ಮೊಸರು ಒಡೆದಂತೆ ಗಟ್ಟಿಯಾಗಿ ಹೋಗಿ ವಿಪರೀತ ತುರಿಕೆ ಇದ್ದರೆ ಅದು ಶಿಲೀಂಧ್ರ ಇರಬಹುದು, ಅದರ ಔಷಧಿಯೇ ಬೇರೆ. ಹಸಿರು ಹಳದಿ, ನೊರೆ ನೊರೆ ಇದ್ದರೆ ಟ್ರೈಕೊಮೊನಾಸ್ ಇರಬಹುದು. ಅದು ಲೈಂಗಿಕವಾಗಿ ಹರಡುವ ಸೋಂಕು, ಗಂಡನಿಗೂ ಚಿಕಿತ್ಸೆ ಬೇಕೇ ಬೇಕು. ಇನ್ನು, ಬಿವಿ ಇದ್ದವರಲ್ಲಿ ಎಷ್ಟೋ ಮಂದಿಗೆ ಯಾವ ಲಕ್ಷಣವೂ ಇರುವುದಿಲ್ಲ.

"ಮೀನಿನ ವಾಸನೆ" ಅಂತ ಓದಿದೆ. ನಮ್ಮ ಮನೆಯಲ್ಲಿ ಮೀನೇ ತರುವುದಿಲ್ಲ. ನನಗೆ ಹೇಗೆ ಗೊತ್ತಾಗಬೇಕು?

ಈ ಪ್ರಶ್ನೆ ಕೇಳಿದ ತಂಗಿಗೆ ನಾನು ಋಣಿ. ಎಲ್ಲ ಕಡೆ ಮೀನು ಎಂದೇ ಬರೆದಿರುತ್ತಾರೆ. ನಮ್ಮ ಭಾಗದಲ್ಲಿ ಮೀನಿನ ವಾಸನೆಯೇ ಗೊತ್ತಿಲ್ಲದವರು ಬಹಳ ಇದ್ದಾರೆ. ಅವರು "ನಿಂತ ನೀರಿನ ನಾತ", "ಹಸಿ ಹಸಿ ವಾಸನೆ" ಎಂದು ಹೇಳುವುದನ್ನು ಕೇಳಿದ್ದೇನೆ. ಗಂಡನ ಜೊತೆ ಮಲಗಿದ ಮೇಲೆ ಮತ್ತು ಮುಟ್ಟಿನ ಸಮಯದಲ್ಲಿ ಅದು ಜಾಸ್ತಿಯಾಗುತ್ತದೆಯೇ ಎಂದು ಗಮನಿಸಿ. ವೀರ್ಯವಾಗಲಿ ರಕ್ತವಾಗಲಿ ಹುಳಿಯಲ್ಲ. ಅವು ಸೇರಿದಾಗ ಹುಳಿ ಇನ್ನೂ ಇಳಿದು, ಅಮೈನ್ ಎಂಬ ವಸ್ತುಗಳು ಆವಿಯಾಗಿ ಮೂಗಿಗೆ ಬಡಿಯುತ್ತವೆ.

ಲ್ಯಾಬ್‌ನಲ್ಲಿ ನೀವು ಏನು ನೋಡುತ್ತೀರಿ?

ಇದು ನನ್ನ ಕೆಲಸ, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. 1983ರಲ್ಲಿ ಆಮ್ಸೆಲ್ ಎಂಬವರು ಮತ್ತು ಅವರ ಜೊತೆಯವರು ನಾಲ್ಕು ಗುರುತು ಹೇಳಿದರು. ತೆಳ್ಳನೆ ಒಂದೇ ಸಮನಾದ ಸೆರಗು. 4.5ಕ್ಕಿಂತ ಹೆಚ್ಚಿನ ಪಿಎಚ್. ಸೆರಗಿನ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದ ಹನಿ ಹಾಕಿದಾಗ ಏಳುವ ನಾತ. ನಾಲ್ಕನೆಯದು ಕ್ಲೂ ಸೆಲ್. ಈ ನಾಲ್ಕರಲ್ಲಿ ಮೂರು ಇದ್ದರೆ ಬಿವಿ.

ಕ್ಲೂ ಸೆಲ್ ಎಂದರೆ ಯೋನಿಯ ಗೋಡೆಯಿಂದ ಉದುರಿದ ಕೋಶ. ಅದರ ಅಂಚು ಸ್ವಚ್ಛವಾಗಿ, ಗೆರೆ ಎಳೆದ ಹಾಗೆ ಕಾಣಬೇಕು. ಬಿವಿ ಇದ್ದಾಗ ಅದರ ಮೇಲೆ ಬ್ಯಾಕ್ಟೀರಿಯಾ ಎಷ್ಟು ಒತ್ತಾಗಿ ಅಂಟಿರುತ್ತವೆ ಎಂದರೆ ಅಂಚೇ ಮುಚ್ಚಿಹೋಗುತ್ತದೆ. ರೊಟ್ಟಿಗೆ ಒಣ ಹಿಟ್ಟು ಮೆತ್ತಿದ ಹಾಗೆ ಕಾಣುತ್ತದೆ. ಮೊದಲ ಸಲ ನೋಡಿದ್ದು ನನಗೆ ಇನ್ನೂ ನೆನಪಿದೆ. ಅಷ್ಟು ಸ್ಪಷ್ಟವಾಗಿ ಕಾಣುವ ಕಾರಣ ಇದ್ದರೂ, ಆ ಹೆಂಗಸು ತನ್ನ "ಮೈಯೇ ಹೊಲಸು" ಎಂದುಕೊಂಡು ವರ್ಷಗಟ್ಟಲೆ ಬದುಕಿದ್ದಳಲ್ಲ ಅನ್ನಿಸಿತು.

ಬ್ಯಾಕ್ಟೀರಿಯಾ ಗುರುತಿಸಲು ಸ್ಲೈಡ್‌ಗೆ ಗ್ರಾಮ್ ಎಂಬ ಬಣ್ಣ ಹಾಕಿ ನೋಡುವ ಇನ್ನೊಂದು ವಿಧಾನವಿದೆ, 1991ರ ನುಜೆಂಟ್ ಅಂಕ. 0ರಿಂದ 3 ಇದ್ದರೆ ಸರಿ, 4ರಿಂದ 6 ನಡುವಿನದು, 7ರಿಂದ 10 ಬಿವಿ. ನಿಮ್ಮ ರಿಪೋರ್ಟ್‌ನಲ್ಲಿ ಅಂಕ ಇದ್ದರೆ ಇದೇ ಅದು. ಪರೀಕ್ಷೆಗೆ ಬರುವ ದಿನ ಒಳಗೆ ತೊಳೆದುಕೊಂಡು ಬರಬೇಡಿ, ಕ್ರೀಮ್ ಹಚ್ಚಬೇಡಿ. ನಾಚಿಕೆಯಿಂದ ತೊಳೆದುಕೊಂಡೇ ಬರುತ್ತಾರೆ, ಆಗ ನಮಗೆ ನೋಡಲು ಏನೂ ಉಳಿದಿರುವುದಿಲ್ಲ.

ಯಾವ ಔಷಧಿ ಕೊಡುತ್ತಾರೆ? ಬೇದಿಗೆ ಕೊಡುವ ಗುಳಿಗೆಯನ್ನೇ ಬರೆದಿದ್ದಾರೆ, ಸರಿಯೇ?

ಸರಿ. ಮೆಟ್ರೋನಿಡಜೋಲ್, ನಮ್ಮಲ್ಲಿ ಮೆಟ್ರೋಜಿಲ್ ಎಂದು ಎಲ್ಲರಿಗೂ ಗೊತ್ತಿರುವ ಗುಳಿಗೆ. ಬಿವಿಗೆ ಸಾಮಾನ್ಯವಾಗಿ 500 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 7 ದಿನ. ಇಲ್ಲವೇ 0.75% ಮೆಟ್ರೋನಿಡಜೋಲ್ ಜೆಲ್ ಯೋನಿಯೊಳಗೆ 5 ದಿನ. ಇಲ್ಲವೇ 2% ಕ್ಲಿಂಡಾಮೈಸಿನ್ ಕ್ರೀಮ್ ರಾತ್ರಿ ಮಲಗುವಾಗ 7 ದಿನ. ಸೆಕ್ನಿಡಜೋಲ್ 2 ಗ್ರಾಂ ಒಂದೇ ಸಲ ಕೊಡುವುದೂ ಇದೆ.

ಜೆಲ್ ಬರೆದಿದ್ದರೆ ಒಂದು ಎಚ್ಚರ. ಇದೇ ಔಷಧಿಯ ಜೆಲ್ ಹಲ್ಲಿನ ವಸಡಿಗೂ ಬರುತ್ತದೆ, ಚರ್ಮಕ್ಕೂ ಬರುತ್ತದೆ. ಮೆಡಿಕಲ್‌ನಲ್ಲಿ ಹೆಸರು ಮಾತ್ರ ಹೇಳಿದರೆ ಬೇರೆ ಟ್ಯೂಬ್ ಕೈಗೆ ಬರಬಹುದು. ಚೀಟಿ ತೋರಿಸಿ. ಹಾಗೆಯೇ, ಎರಡು ದಿನಕ್ಕೆ ನಾತ ನಿಂತಿತು ಎಂದು ಉಳಿದ ಗುಳಿಗೆಯನ್ನು ಮಗುವಿನ ಬೇದಿಗೆಂದು ಎತ್ತಿಡಬೇಡಿ. ಇದು ನಡೆಯುತ್ತದೆ, ನಾನು ನೋಡಿದ್ದೇನೆ. ಕೋರ್ಸ್ ಪೂರ್ತಿ ಮಾಡಬೇಕು.

ಆಂಟಿಬಯಾಟಿಕ್ ಎಂದರೆ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಸಾಯಿಸುತ್ತದೆ, ಅಲ್ವಾ?

ಔಷಧಿಯಿಂದ ಔಷಧಿಗೆ ಬೇರೆ. ಮೆಟ್ರೋನಿಡಜೋಲ್ ಹಾಗೇ ಇದ್ದಾಗ ಏನೂ ಮಾಡುವುದಿಲ್ಲ. ಆಮ್ಲಜನಕ ಇಲ್ಲದೆ ಬದುಕುವ ಬ್ಯಾಕ್ಟೀರಿಯಾದೊಳಗೆ ಹೋದಾಗ, ಆ ಬ್ಯಾಕ್ಟೀರಿಯಾದ ಕಿಣ್ವಗಳೇ ಅದನ್ನು ವಿಷವಾಗಿ ಬದಲಿಸುತ್ತವೆ. ಆಮೇಲೆ ಅದು ಅವುಗಳ ಡಿಎನ್‌ಎಯನ್ನು ಮುರಿಯುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಒಳಗೆ ಈ ಬದಲಾವಣೆ ಅಷ್ಟಾಗಿ ನಡೆಯುವುದಿಲ್ಲ. ಹಾಗಾಗಿ ಅವು ಬಹುಮಟ್ಟಿಗೆ ಬಚಾವ್. ಕ್ಲಿಂಡಾಮೈಸಿನ್ ಕೆಲಸ ಬೇರೆ. ಅದು ಬ್ಯಾಕ್ಟೀರಿಯಾ ಪ್ರೋಟೀನ್ ಮಾಡುವುದನ್ನೇ ತಡೆಯುತ್ತದೆ, ಎಷ್ಟೋ ಲ್ಯಾಕ್ಟೋಬ್ಯಾಸಿಲಸ್‌ಗಳಿಗೂ ಪೆಟ್ಟು ಬೀಳುತ್ತದೆ. ಅದನ್ನು ಬಳಸಿದ ಮೇಲೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಉಳಿದುಕೊಳ್ಳುವುದೂ ಕಂಡಿದೆ. ಹಾಗೆಂದು ಅದು ಕೆಟ್ಟ ಔಷಧಿಯಲ್ಲ. ಬಿವಿ ವಾಸಿ ಮಾಡುವುದರಲ್ಲಿ ಎರಡೂ ಹತ್ತಿರ ಹತ್ತಿರ ಸಮ.

ಮೆಟ್ರೋನಿಡಜೋಲ್ ಶುರು ಮಾಡಿದ ಕೆಲವೇ ದಿನಗಳಲ್ಲಿ ಬಿವಿ ಬ್ಯಾಕ್ಟೀರಿಯಾ ಇಳಿದು ಲ್ಯಾಕ್ಟೋಬ್ಯಾಸಿಲಸ್ ಏರುತ್ತವೆ. ಆದರೆ ಲ್ಯಾಕ್ಟೋಬ್ಯಾಸಿಲಸ್‌ನಲ್ಲೂ ಬಗೆಗಳಿವೆ. ಕ್ರಿಸ್ಪೇಟಸ್ ಎಂಬುದು ಗಟ್ಟಿಯಾಗಿ ನೆಲೆ ನಿಲ್ಲುವ ಬಗೆ. ಇನರ್ಸ್ ಎಂಬುದು ಆರೋಗ್ಯದಲ್ಲೂ ಇರುತ್ತದೆ, ಬಿವಿಯಲ್ಲೂ ಇರುತ್ತದೆ, ಇಬ್ಬರ ಜೊತೆಗೂ ಹೊಂದಿಕೊಳ್ಳುತ್ತದೆ. ಚಿಕಿತ್ಸೆಯ ನಂತರ ಮೊದಲು ಜಾಗ ಹಿಡಿಯುವುದು ಹೆಚ್ಚಾಗಿ ಈ ಇನರ್ಸ್. ನಾತ ನಿಂತಿರುತ್ತದೆ, ರಿಪೋರ್ಟ್ ಸರಿ ಬರುತ್ತದೆ, ಆದರೆ ಕಾವಲು ಇನ್ನೂ ಗಟ್ಟಿಯಾಗಿರುವುದಿಲ್ಲ.

ಗುಳಿಗೆ ಪೂರ್ತಿ ತೆಗೆದುಕೊಂಡೆ. ಮತ್ತೆ ಯಾಕೆ ಬಂತು?

ತೊಗರಿ ಹೊಲ ಮಾಡುವ ಮನೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಎಡೆ ಹೊಡೆದರೆ ಕಳೆ ಹೋಗುತ್ತದೆ. ಬಿತ್ತದೇ ತೊಗರಿ ಬರುವುದಿಲ್ಲ. ಕರಿಕೆಯ ಬೇರು ನೆಲದಲ್ಲೇ ಉಳಿದಿದ್ದರೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಆಂಟಿಬಯಾಟಿಕ್ ಮಾಡುವುದು ಎಡೆ ಹೊಡೆಯುವ ಕೆಲಸ ಮಾತ್ರ.

ಬೇರು ಎಂದೆನಲ್ಲ, ಅದು ಸುಮ್ನೆ ಹೇಳಿದ್ದಲ್ಲ. ಗಾರ್ಡ್ನರೆಲ್ಲಾ ಯೋನಿಯ ಗೋಡೆಗೆ ಅಂಟಿ ಒಂದು ಪದರ ಕಟ್ಟುತ್ತದೆ, ಬಯೋಫಿಲ್ಮ್ ಎನ್ನುತ್ತಾರೆ. ಕೊಡದ ಒಳಗೆ ಕಟ್ಟುವ ಲೋಳೆಯ ಹಾಗೆ. ನೀರು ಸುರಿದರೆ ಕೊಡ ಖಾಲಿಯಾಗುತ್ತದೆ, ಲೋಳೆ ಹೋಗುವುದಿಲ್ಲ. ಆ ಪದರದೊಳಗಿನ ಬ್ಯಾಕ್ಟೀರಿಯಾಗೆ ಔಷಧಿ ಸರಿಯಾಗಿ ತಾಗುವುದಿಲ್ಲ. ಕೋರ್ಸ್ ಮುಗಿದ ಮೇಲೆ ಅಲ್ಲಿಂದಲೇ ಮತ್ತೆ ಬೆಳೆಯುತ್ತವೆ. ಹೀಗೆ ಚಿಕಿತ್ಸೆ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ 12 ತಿಂಗಳೊಳಗೆ ಬಿವಿ ಮರಳಿದ್ದು ಅಧ್ಯಯನಗಳಲ್ಲಿ ಕಂಡಿದೆ. ಅರ್ಧಕ್ಕಿಂತ ಹೆಚ್ಚು! ಅಷ್ಟು ಜನರೆಲ್ಲ ಸ್ವಚ್ಛತೆ ಇಲ್ಲದವರೇ? ದಯವಿಟ್ಟು ಆ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ.

ಪದೇ ಪದೇ ಬರುತ್ತಿದ್ದರೆ ಅದೇ ಹಳೆ ಚೀಟಿ ತೋರಿಸಿ ಗುಳಿಗೆ ತರಬೇಡಿ. ಡಾಕ್ಟರ್ ಹತ್ತಿರ "ಇದು ಮೂರನೇ ಸಲ" ಎಂದು ಲೆಕ್ಕ ಹೇಳಿ. ಆಗ ಅವರು ಮೊದಲ ಕೋರ್ಸ್ ಆದ ಮೇಲೆ ವಾರಕ್ಕೆ ಎರಡು ಸಲ ಜೆಲ್, ಮೂರು ತಿಂಗಳೋ ಇನ್ನೂ ಹೆಚ್ಚೋ ಮುಂದುವರಿಸಲು ಹೇಳಬಹುದು. ಬೋರಿಕ್ ಆಮ್ಲದ ಕ್ಯಾಪ್ಸೂಲ್ ಯೋನಿಯೊಳಗೆ ಇಡುವ ಚಿಕಿತ್ಸೆಯೂ ಇದೆ. ಅದು ಬಾಯಿಗೆ ಹೋದರೆ ವಿಷ, ಮಕ್ಕಳ ಕೈಗೆ ಸಿಗಬಾರದು, ಬಸುರಿಯರಿಗೆ ಕೂಡದು.

ಹಾಗಾದರೆ ಒಳ್ಳೆಯ ಬ್ಯಾಕ್ಟೀರಿಯಾ ಬಿತ್ತಲು ಆಗುವುದಿಲ್ಲವೇ?

ಅಮೆರಿಕದಲ್ಲಿ ಆ ಪ್ರಯತ್ನ ನಡೆದಿದೆ. 228 ಹೆಂಗಸರಿಗೆ ಮೊದಲು ಮೆಟ್ರೋನಿಡಜೋಲ್ ಜೆಲ್ ಕೊಟ್ಟರು. ಆಮೇಲೆ ಕೆಲವರಿಗೆ ಕ್ರಿಸ್ಪೇಟಸ್ ಬ್ಯಾಕ್ಟೀರಿಯಾದ ಪುಡಿಯನ್ನು ಯೋನಿಯೊಳಗೆ, ಉಳಿದವರಿಗೆ ಔಷಧಿಯಿಲ್ಲದ ಪುಡಿಯನ್ನು ಕೊಟ್ಟರು. 12 ವಾರದ ಹೊತ್ತಿಗೆ ಬ್ಯಾಕ್ಟೀರಿಯಾ ಪಡೆದವರಲ್ಲಿ 30% ಮಂದಿಗೆ, ಉಳಿದವರಲ್ಲಿ 45% ಮಂದಿಗೆ ಬಿವಿ ಮರಳಿತು. 2020ರಲ್ಲಿ ಇದು ಪ್ರಕಟವಾಯಿತು. ಭರವಸೆಯ ಸುದ್ದಿ. ಆದರೆ ಮೆಡಿಕಲ್‌ನಲ್ಲಿ ಸಿಗುವ ಯಾವುದೋ ಪ್ರೋಬಯಾಟಿಕ್ ಡಬ್ಬಿಗೆ ದುಡ್ಡು ಸುರಿಯಿರಿ ಎಂದು ಇದರ ಅರ್ಥವಲ್ಲ. ಡಬ್ಬಿಯೊಳಗಿನ ಬಗೆ ಬೇರೆ ಇರುತ್ತದೆ.

ಮೊಸರು ಹಚ್ಚಬಹುದೇ?

ಬೇಡ. ಮೊಸರಿನ ಬ್ಯಾಕ್ಟೀರಿಯಾ ಅದೇ ದೊಡ್ಡ ಬಳಗದವು, ನಿಜ. ಆದರೆ ಹಾಲಿನಲ್ಲಿ ಬೆಳೆಯುವವು ಯೋನಿಯಲ್ಲಿ ನೆಲೆ ನಿಲ್ಲುವುದಿಲ್ಲ. ರೊಟ್ಟಿ ಜೊತೆ ಧಾರಾಳವಾಗಿ ತಿನ್ನಿ.

ಡೆಟಾಲ್ ನೀರು, ಬೇವಿನ ನೀರು, ವಾಶ್‌ಗಳಿಂದ ಒಳಗೆ ತೊಳೆದರೆ ಬೇಗ ಹೋಗುತ್ತದಾ?

ಇದೇ ನನಗೆ ಅತಿ ಹೆಚ್ಚು ನೋವು ಕೊಡುವ ವಿಷಯ. ನಾತ ಬಂದ ಕೂಡಲೇ ಉಜ್ಜಿ ಉಜ್ಜಿ ತೊಳೆಯುತ್ತಾರೆ. ಒಳಗೆ ತೊಳೆದಷ್ಟೂ ಉಳಿದಿದ್ದ ಲ್ಯಾಕ್ಟೋಬ್ಯಾಸಿಲಸ್ ಕೂಡ ಹೋಗುತ್ತವೆ, ನಾತ ಮರಳುತ್ತದೆ, ಮತ್ತೆ ತೊಳೆಯುತ್ತಾರೆ. ಯೋನಿ ತನ್ನನ್ನು ತಾನೇ ಸ್ವಚ್ಛ ಮಾಡಿಕೊಳ್ಳುತ್ತದೆ. ಹೊರಗಿನ ಭಾಗಕ್ಕೆ ಸಾದಾ ನೀರು ಸಾಕು. ಒಳಗೆ ಏನೂ ಬೇಡ, ಸೋಪೂ ಬೇಡ, ಬೆರಳೂ ಬೇಡ.

ಬೇಸಿಗೆಯಲ್ಲಿ ನಮ್ಮೂರಿನ ಉರಿ ಬಿಸಿಲು, ನಳದ ನೀರಿಗೆ ಕಾಯುವ ಪಾಡು ನನಗೂ ಗೊತ್ತು. ಸ್ನಾನಕ್ಕೆ ಒಂದೇ ಬಕೆಟ್ ಸಿಕ್ಕ ದಿನವೂ ನಿಮಗೆ ಬಿವಿ ಬರುವುದು ಅದರಿಂದಲ್ಲ. ಮುಟ್ಟಿನ ಬಟ್ಟೆಯ ವಿಷಯ ಬೇರೆ. ಒಡಿಶಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೊಳೆದು ಮತ್ತೆ ಬಳಸುವ ಬಟ್ಟೆಯವರಲ್ಲಿ ಇಂಥ ತೊಂದರೆ ಹೆಚ್ಚು ಕಂಡಿತು. ಬಟ್ಟೆ ಬಳಸುವುದಾದರೆ ಸೀರೆಯ ಅಡಿಯಲ್ಲಿ ಬಚ್ಚಿಡಬೇಡಿ. ನೇರ ಬಿಸಿಲಿಗೆ ಹಾಕಿ. ಬಿಸಿಲು ನಮ್ಮಲ್ಲಿ ಬೇಕಾದಷ್ಟಿದೆ.

ಗಂಡನಿಗೂ ಗುಳಿಗೆ ಬೇಕೇ?

ಬಹಳ ವರ್ಷ "ಬೇಡ" ಎಂದೇ ಹೇಳುತ್ತಿದ್ದರು. ಗಂಡಸರಿಗೆ ಗುಳಿಗೆ ಮಾತ್ರ ಕೊಟ್ಟು ನೋಡಿದ ಹಳೆಯ ಪ್ರಯೋಗಗಳಲ್ಲಿ ಲಾಭ ಕಂಡಿರಲಿಲ್ಲ. 2025ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದಿಂದ ಬಂದ ಫಲಿತಾಂಶ ಈ ಮಾತನ್ನು ಬದಲಿಸಿತು. 164 ಜೋಡಿಗಳು. ಒಂದು ಗುಂಪಿನಲ್ಲಿ ಹೆಂಗಸಿಗೆ ಮಾತ್ರ ಚಿಕಿತ್ಸೆ. ಇನ್ನೊಂದರಲ್ಲಿ ಗಂಡಸಿಗೂ 7 ದಿನ ಮೆಟ್ರೋನಿಡಜೋಲ್ 400 ಮಿಲಿಗ್ರಾಂ ಗುಳಿಗೆ ಎರಡು ಹೊತ್ತು, ಜೊತೆಗೆ ಶಿಶ್ನಕ್ಕೆ ಹಚ್ಚಲು ಕ್ಲಿಂಡಾಮೈಸಿನ್ ಕ್ರೀಮ್ ಎರಡು ಹೊತ್ತು. 12 ವಾರದಲ್ಲಿ ಬಿವಿ ಮರಳಿದ್ದು ಮೊದಲ ಗುಂಪಿನಲ್ಲಿ 63%, ಎರಡನೆಯದರಲ್ಲಿ 35%. ವ್ಯತ್ಯಾಸ ಅಷ್ಟು ದೊಡ್ಡದಿದ್ದ ಕಾರಣ ಪ್ರಯೋಗವನ್ನು ಮುಂಚೆಯೇ ನಿಲ್ಲಿಸಿದರು.

ಆದ್ದರಿಂದ ಪದೇ ಪದೇ ಬರುತ್ತಿದ್ದರೆ ಗಂಡನನ್ನೂ ಕರೆದುಕೊಂಡು ಹೋಗಿ ಕೇಳಿ. ಮನೆಯಲ್ಲಿ ಈ ಮಾತು ಎತ್ತುವುದು ಎಷ್ಟು ಕಷ್ಟ ಎಂದು ಬಲ್ಲೆ. "ನಿನಗ ಯಾರಿಂದ ಬಂತು?" ಎಂಬ ಪ್ರಶ್ನೆ ಮೊದಲು ಬರುತ್ತದೆ. ಅದಕ್ಕೆ ಉತ್ತರ ಹೀಗೆ ಹೇಳಿ: ಬಿವಿ ಬಂತೆಂದರೆ ಯಾರೋ ತಪ್ಪು ದಾರಿ ಹಿಡಿದರು ಎಂದಲ್ಲ. ಒಬ್ಬರಿಗೊಬ್ಬರು ನಿಷ್ಠರಾಗಿರುವ ಜೋಡಿಗಳನ್ನೇ ಆ ಪ್ರಯೋಗಕ್ಕೆ ಆರಿಸಿಕೊಂಡಿದ್ದರು. ಗಂಡಸರ ಮೈಮೇಲೂ ಈ ಬ್ಯಾಕ್ಟೀರಿಯಾ ಇರಬಲ್ಲವು, ಅವರಿಗೆ ಲಕ್ಷಣ ಕಾಣುವುದಿಲ್ಲ, ಅಷ್ಟೇ.

"ಬಿಳಿ ಜಾಸ್ತಿ ಹೋಗುತ್ತದೆ, ಗರ್ಭಕೋಶ ಕೆಟ್ಟಿದೆ, ತೆಗೆಸಿಬಿಡಿ" ಎಂದರು. ತೆಗೆಸಬೇಕೇ?

ಬಿವಿಗಾಗಿ ಗರ್ಭಕೋಶ ತೆಗೆಯುವ ಮಾತೇ ಇಲ್ಲ. ತೊಂದರೆ ಇರುವುದು ಯೋನಿಯಲ್ಲಿ. ಗರ್ಭಕೋಶ ತೆಗೆದರೂ ಯೋನಿ ಇರುತ್ತದೆ, ಬಿವಿ ಮತ್ತೆ ಬರಬಹುದು. ಅಷ್ಟೇ ಅಲ್ಲ, ಬಿವಿ ಇರುವಾಗ ಈ ಆಪರೇಷನ್ ಮಾಡಿದರೆ ಗಾಯಕ್ಕೆ ಸೋಂಕು ತಗಲುವ ಸಾಧ್ಯತೆ ಹೆಚ್ಚು.

ನಮ್ಮ ಜಿಲ್ಲೆಯಲ್ಲಿ ಇದನ್ನು ಗಟ್ಟಿಯಾಗಿ ಹೇಳಲೇಬೇಕು. ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ಹೆಂಗಸರ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆದ ಸಂಗತಿ 2015ರಲ್ಲಿ ಕಲಬುರಗಿಯಲ್ಲಿ ಬಯಲಿಗೆ ಬಂತು. ಹೊಟ್ಟೆ ನೋವು, ಬಿಳಿ ಸೆರಗು ಎಂದು ಹೋದ ಹೆಂಗಸರು ಅವರು. ಒಂದು ವಾರದ ಗುಳಿಗೆಯಿಂದ ಹೋಗಬಹುದಾದ ತೊಂದರೆಗೆ ಒಂದು ಅಂಗವನ್ನೇ ಕಳೆದುಕೊಳ್ಳಬಾರದು. ಯಾರಾದರೂ ಹಾಗೆ ಹೇಳಿದರೆ ಸಹಿ ಹಾಕುವ ಮುಂಚೆ ಇನ್ನೊಬ್ಬ ಡಾಕ್ಟರ್ ಹತ್ತಿರ ತೋರಿಸಿ. "ಸೆರಗಿನ ಪರೀಕ್ಷೆ ಮಾಡಿದ್ದೀರಾ?" ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ.

ಬಸುರಿಯಾಗಿದ್ದೇನೆ. ಔಷಧಿ ತೆಗೆದುಕೊಳ್ಳಬಹುದೇ?

ಲಕ್ಷಣ ಇದ್ದರೆ ತೆಗೆದುಕೊಳ್ಳಬೇಕು, ಡಾಕ್ಟರ್ ಹೇಳಿದಂತೆ. ಮೆಟ್ರೋನಿಡಜೋಲ್‌ನಿಂದ ಮಗುವಿಗೆ ಅಂಗದೋಷ ಬರುವುದು ಅಧ್ಯಯನಗಳಲ್ಲಿ ಕಂಡಿಲ್ಲ. ಅದೇ ಬಳಗದ ಟಿನಿಡಜೋಲ್ ಎಂಬ ಔಷಧಿ ಮಾತ್ರ ಬಸುರಿಯರಿಗೆ ಕೊಡುವುದಿಲ್ಲ, ಹಾಗಾಗಿ ಬಸುರಿ ಎಂದು ಮೊದಲೇ ಹೇಳಿ. ಬಿವಿಗೂ ದಿನ ತುಂಬುವ ಮುಂಚಿನ ಹೆರಿಗೆಗೂ ನಂಟು ಕಂಡಿದೆ. ಆದರೆ ಲಕ್ಷಣವೇ ಇಲ್ಲದ ಬಸುರಿಯರಿಗೆಲ್ಲ ಔಷಧಿ ಕೊಟ್ಟರೆ ಅಂಥ ಹೆರಿಗೆ ಕಡಿಮೆಯಾದದ್ದು ಕಂಡಿಲ್ಲ.

ಬಿಟ್ಟರೆ ಏನಾಗುತ್ತದೆ?

ಕೆಲವರಲ್ಲಿ ತಾನಾಗಿಯೇ ಹೋಗುತ್ತದೆ. ಆದರೆ ಬಿವಿ ಇದ್ದಾಗ ಎಚ್‌ಐವಿ, ಗೊನೊರಿಯಾ, ಕ್ಲಮೈಡಿಯಾದಂಥ ಲೈಂಗಿಕವಾಗಿ ಹರಡುವ ಸೋಂಕು ತಗಲುವ ಸಾಧ್ಯತೆ ಹೆಚ್ಚು. ಜ್ವರ, ಕೆಳಹೊಟ್ಟೆ ನೋವು ಜೊತೆಗಿದ್ದರೆ ಒಂದು ದಿನವೂ ಕಾಯಬೇಡಿ.

ಗುಳಿಗೆ ತಗೊಂಡ ಮೇಲೆ ಬಾಯೆಲ್ಲ ಕಹಿ, ಮೂತ್ರ ಕಪ್ಪಗಿದೆ. ಹೆದರಬೇಕೇ?

ಬಾಯಲ್ಲಿ ಕಬ್ಬಿಣದಂಥ ರುಚಿ, ಹೊಟ್ಟೆ ತೊಳಸುವುದು, ಮೂತ್ರದ ಬಣ್ಣ ಗಾಢವಾಗುವುದು ಈ ಔಷಧಿಯ ಗುಣ. ಊಟದ ಜೊತೆ ತೆಗೆದುಕೊಂಡರೆ ಹೊಟ್ಟೆಗೆ ಹಗುರ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು. ಕೋರ್ಸ್ ಆದ ಮೇಲೆ ಕೆಲವರಿಗೆ ತುರಿಕೆಯೊಂದಿಗೆ ಶಿಲೀಂಧ್ರದ ಸೋಂಕು ಬರುತ್ತದೆ. ಅದನ್ನು ಬಿವಿ ಮರಳಿತು ಎಂದುಕೊಂಡು ಮತ್ತೆ ಅದೇ ಗುಳಿಗೆ ನುಂಗಬೇಡಿ. ಕ್ಲಿಂಡಾಮೈಸಿನ್ ಕ್ರೀಮ್ ಎಣ್ಣೆಯಂಶದ್ದು. ಅದು ಕಾಂಡೋಮನ್ನು ಸಡಿಲ ಮಾಡುತ್ತದೆ, ಕ್ರೀಮ್ ಮುಗಿದ 5 ದಿನದವರೆಗೂ ಕಾಂಡೋಮ್ ನಂಬಬೇಡಿ.

ಎಲ್ಲಿ ತೋರಿಸಬೇಕು? ಖರ್ಚಿನ ಭಯ.

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರ್ಕಾರಿ ದವಾಖಾನೆಗಳಲ್ಲಿ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗ ಇದೆ. ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಎಂಬ ಹೆಸರಿನ ಕೋಣೆಯನ್ನು ಕೇಳಿ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಹಸಿರು ಕಿಟ್‌ನಲ್ಲಿ ಸೆಕ್ನಿಡಜೋಲ್ ಮತ್ತು ಫ್ಲುಕೊನಜೋಲ್ ಇರುತ್ತವೆ, ಉಚಿತ. ಒಂದು ಬಿವಿಗೆ, ಇನ್ನೊಂದು ಶಿಲೀಂಧ್ರಕ್ಕೆ. ಮೊದಲ ಸಲಕ್ಕೆ ಅದು ಒಳ್ಳೆಯ ದಾರಿ. ಮತ್ತೆ ಮತ್ತೆ ಬರುತ್ತಿದ್ದರೆ ಸ್ಲೈಡ್ ಪರೀಕ್ಷೆ ಆಗಲೇಬೇಕು. ಒಬ್ಬರೇ ಹೋಗಲು ಸಂಕೋಚವಾದರೆ ನಿಮ್ಮೂರಿನ ಆಶಾ ಅಕ್ಕನನ್ನು ಜೊತೆಗೆ ಕರೆಯಿರಿ.

ಕೋರ್ಸ್ ನಡುವೆ ಹೊರಗಾದರೆ?

ಗುಳಿಗೆ ನಿಲ್ಲಿಸಬೇಡಿ. ಮುಟ್ಟಿನಲ್ಲಿ ಔಷಧಿ ಮುಟ್ಟಬಾರದು ಎಂದು ಅತ್ತೆ ಹೇಳಿದರೆ, ಡಾಕ್ಟರ್ ನಿಲ್ಲಿಸಬೇಡ ಎಂದಿದ್ದಾರೆ ಎಂದು ಹೇಳಿ. ಜೆಲ್ ಅಥವಾ ಕ್ರೀಮ್ ಬಳಸುತ್ತಿದ್ದು ರಕ್ತ ಜಾಸ್ತಿ ಹೋಗುತ್ತಿದ್ದರೆ, ಔಷಧಿ ಹರಿದು ಹೋಗಬಹುದು. ಆಗ ಉಳಿದ ದಿನಗಳನ್ನು ಹೇಗೆ ಮುಗಿಸಬೇಕೆಂದು ಬರೆದುಕೊಟ್ಟ ಡಾಕ್ಟರನ್ನೇ ಕೇಳಿಕೊಳ್ಳಿ.